ನೀರು ಬೇಕಾ, ನೀರು ಬೇಕು: ಆಟಿಸಂ ಇರುವ ಮಗುವಿಗೆ ಮನೆಯಲ್ಲಿ ಕಲಿಸುವ ಬಗೆ

ಒಂದೂವರೆ ವರ್ಷದ ಮಗುವನ್ನು ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಸದ್ದು ಮಾಡಿದರೆ ಓಡಿ ಬರುತ್ತದೆ. ಕಿವಿ ಚೆನ್ನಾಗಿಯೇ ಇದೆ, ಬೇಕೆಂದೇ ತಿರುಗುತ್ತಿಲ್ಲ ಎಂದು ಮನೆಯವರು ಅಂದುಕೊಳ್ಳುವುದು ಇಲ್ಲೇ. ನಾವು ತಂದೆತಾಯಂದಿರು ಕೂತು ಮಾತಾಡಿದಾಗ ಬಹಳ ಮನೆಗಳಲ್ಲಿ ಕಂಡ ಮೊದಲ ಗುರುತು ಇದು. ಇನ್ನೊಂದು ಗುರುತು ಬೆರಳು. ಚಂದಮಾಮನನ್ನೋ ನಾಯಿಯನ್ನೋ ಬೆರಳು ಮಾಡಿ ತೋರಿಸಿ, ‘ನೀನೂ ನೋಡಿದೆಯಾ’ ಎನ್ನುವಂತೆ ಅಮ್ಮನ ಮುಖ ನೋಡುವುದು ಇತರ ಮಕ್ಕಳಲ್ಲಿ ತಾನಾಗಿ ಬರುತ್ತದೆ. ಆಟಿಸಂ (ಮಾತು, ಜನರೊಡನೆ ಬೆರೆಯುವುದು ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಗು ಡಬ್ಬಿಯ ಮುಚ್ಚಳ ತೆಗೆಸಬೇಕಿದ್ದರೆ ಮುಖ ನೋಡದೆ ದೊಡ್ಡವರ ಮಣಿಕಟ್ಟು ಹಿಡಿದು ಎಳೆದು ತಂದು, ಇಕ್ಕಳವನ್ನು ಇಟ್ಟ ಹಾಗೆ, ಆ ಕೈಯನ್ನು ಡಬ್ಬಿಯ ಮೇಲೆ ಇಡುತ್ತದೆ.

ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, 16 ತಿಂಗಳಿಗೆ ಒಂದೂ ಪದ ಬಾರದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದ ಸ್ವಂತವಾಗಿ ಕೂಡಿಸದಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಬೇಕು. ಬಂದಿದ್ದ ಮಾತು ಯಾವ ವಯಸ್ಸಿನಲ್ಲಿ ನಿಂತುಹೋದರೂ ಅದೇ ವಾರ ಹೋಗಬೇಕು. ‘ಗಂಡುಮಕ್ಕಳಿಗೆ ಮಾತು ತಡ’, ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’, ‘ಬಜೆ ತೇಯ್ದು ನಾಲಿಗೆಗೆ ಹಚ್ಚಿ’ ಎಂದು ಹಿರಿಯರು ಹೇಳುವುದು ಪ್ರೀತಿಯಿಂದಲೇ. ಆದರೆ ಇದರಲ್ಲಿ ಯಾವುದನ್ನೂ ಕಾಯುವುದಕ್ಕೆ ಕಾರಣ ಮಾಡಿಕೊಳ್ಳಬೇಡಿ.

16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಹೌದು-ಇಲ್ಲ ಎಂದು ಉತ್ತರಿಸಿದರಾಯಿತು. ಅಂಕ 2ರೊಳಗಿದ್ದರೆ ಅಪಾಯ ಕಡಿಮೆ. 3ರಿಂದ 7 ಬಂದರೆ ತಿಳಿದವರು ಅದೇ ಪ್ರಶ್ನೆಗಳನ್ನು ಬಿಡಿಸಿ ಮತ್ತೆ ಕೇಳಬೇಕು. 8 ಮತ್ತು ಮೇಲೆ ಬಂದರೆ ನೇರವಾಗಿ ತಪಾಸಣೆಗೆ ಹೋಗಬೇಕು. ಇದು ಜರಡಿ ಮಾತ್ರ, ರೋಗನಿರ್ಣಯವಲ್ಲ. ಆಟಿಸಂ ಇದೆ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ನೋಡಿ, ಆಡಿಸಿ, ನಮ್ಮನ್ನು ವಿವರವಾಗಿ ಕೇಳಿಯೇ ತೀರ್ಮಾನಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಜಿಲ್ಲಾ ಆಸ್ಪತ್ರೆಗಳ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು ಸರ್ಕಾರಿ ವ್ಯವಸ್ಥೆಯೊಳಗಿನ ಬಾಗಿಲುಗಳು. ಜಿಲ್ಲಾ ಕೇಂದ್ರಗಳನ್ನು ಜನ ಡಿಇಐಸಿ ಎಂದೇ ಕರೆಯುತ್ತಾರೆ.

ಹೋಗುವ ಮುಂಚೆ ಫೋನಿನಲ್ಲಿ ಒಂದೆರಡು ನಿಮಿಷದ ನಾಲ್ಕು ವಿಡಿಯೊ ಮಾಡಿಕೊಳ್ಳಿ: ಒಂಟಿಯಾಗಿ ಆಡುವಾಗ, ಊಟ ಮಾಡುವಾಗ, ಹಿಂದಿನಿಂದ ಹೆಸರು ಕರೆದಾಗ, ಬೇರೆ ಮಕ್ಕಳ ನಡುವೆ ಇರುವಾಗ. ಆಸ್ಪತ್ರೆಯಲ್ಲಿ ಅತ್ತು ಸುಸ್ತಾದ ಮಗು ಇದರಲ್ಲಿ ಯಾವುದನ್ನೂ ತೋರಿಸುವುದಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸುತ್ತಾರೆ. ಅದರಲ್ಲಿ ಸದ್ದು ಕಿವಿಯಿಂದ ಮಿದುಳಿಗೆ ತಲುಪುತ್ತಿದೆಯೇ ಎಂದು ನೋಡುವ ಬೆರಾ ಪರೀಕ್ಷೆಗೆ ಮಗು ನಿದ್ದೆ ಮಾಡುತ್ತಿರಬೇಕು. ಹಾಗಾಗಿ ಆ ದಿನ ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲೋ ಆಟೋದಲ್ಲೋ ತೂಕಡಿಸದಂತೆ ನೋಡಿಕೊಳ್ಳಿ. ದಾರಿಯಲ್ಲಿ ಅರ್ಧ ಗಂಟೆ ಮಲಗಿಬಿಟ್ಟರೆ ಅಲ್ಲಿ ಮಲಗುವುದಿಲ್ಲ, ಇನ್ನೊಂದು ತಾರೀಖು ಕೊಟ್ಟು ಕಳಿಸುತ್ತಾರೆ.

ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳ ತರಬೇತಿ), ವಿಶೇಷ ಶಿಕ್ಷಣ ಎಂದು ಬರೆದುಕೊಡುತ್ತಾರೆ. ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಎಂದರೆ ಮೂರು ಗಂಟೆ. ಮಗು ಎಚ್ಚರವಿರುವುದು ವಾರಕ್ಕೆ ಎಂಬತ್ತು ಗಂಟೆಗೂ ಹೆಚ್ಚು. ಕಲಿಕೆ ಆಗುವುದು ಆ ಎಂಬತ್ತರಲ್ಲಿ. ಥೆರಪಿಯ ಗಂಟೆ ಇರುವುದು ಮುಖ್ಯವಾಗಿ ದೊಡ್ಡವರು ಕಲಿಯುವುದಕ್ಕೆ. ಆದ್ದರಿಂದ ಒಳಗೆ ಕೂರಲು ಬಿಡುವ ಕಡೆ ಸೇರಿಸಿ. ಮುಂದಿನ ಮೂರು ತಿಂಗಳಲ್ಲಿ ಏನು ಸಾಧಿಸಬೇಕು ಎಂದು ಬರೆದು ಕೊಡಲು ಕೇಳಿ. ‘ಸಂವಹನ ಉತ್ತಮಗೊಳಿಸುವುದು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಹತ್ತು ಸಲ ನೀರು ಬೇಕಾದಾಗ ಎಂಟು ಸಲ ತಾನಾಗಿ ಚಿತ್ರದ ಕಾರ್ಡ್ ಕೊಡುವುದು’ ಎಂದಿದ್ದರೆ ಅದು ಗುರಿ, ಅದನ್ನು ಎಣಿಸಬಹುದು.

ಈಗ ಮಾತಿನ ವಿಷಯ. ಕನ್ನಡ ಮಾತಾಡುವ ಮನೆಗಳಲ್ಲಿ ಒಂದು ತಪ್ಪು ಗೊತ್ತಿಲ್ಲದೆ ನಡೆಯುತ್ತಿರುತ್ತದೆ. ನಾವು ದಿನವಿಡೀ ಪ್ರಶ್ನೆಯಲ್ಲೇ ಮಾತಾಡುತ್ತೇವೆ: ನೀರು ಬೇಕಾ? ಹೊರಗೆ ಹೋಗ್ತೀಯಾ? ಮಮ್ಮು ತಿಂತೀಯಾ? ಆಟಿಸಂ ಇರುವ ಬಹಳ ಮಕ್ಕಳು ಕೇಳಿದ್ದನ್ನು ಕೇಳಿದ ಹಾಗೇ ಹಿಡಿದುಕೊಳ್ಳುತ್ತವೆ. ಲೋಟ ನೋಡಿದಾಗ ‘ನೀರು ಬೇಕಾ’ ಎನ್ನುತ್ತವೆ, ಬಾಗಿಲ ಬಳಿ ನಿಂತು ‘ಹೋಗ್ತೀಯಾ’ ಎನ್ನುತ್ತವೆ. ಇದು ಬರೀ ಗಿಳಿಪಾಠ ಎಂದು ತಳ್ಳಿಹಾಕಬೇಡಿ. ಮಗು ಕೇಳುತ್ತಿದೆ, ನಾವು ಕೊಟ್ಟ ರೂಪದಲ್ಲಿ ಕೇಳುತ್ತಿದೆ. ನಮ್ಮ ಕ್ರಿಯಾಪದದ ತುದಿಯಲ್ಲೇ ನಾನು-ನೀನು ಅಂಟಿಕೊಂಡಿರುವುದರಿಂದ ಹೋಗ್ತೀಯಾ, ಹೋಗ್ತೀನಿ ಇವುಗಳ ವ್ಯತ್ಯಾಸ ಇಂಥ ಮಗುವಿಗೆ ಬಹಳ ಕಷ್ಟ.

ಇದಕ್ಕೆ ಮದ್ದು, ಮಗು ಹೇಳಬೇಕಾದ ವಾಕ್ಯವನ್ನೇ ಮಗುವಿನ ಕಡೆಯಿಂದ ನಾವು ಹೇಳುವುದು. ಲೋಟ ಕೈಯಲ್ಲಿ ಹಿಡಿದು, ಮಗುವಿನ ಮುಖದ ಮಟ್ಟಕ್ಕೆ ಕೂತು, ‘ನೀರು ಬೇಕು’ ಎಂದು ಒಮ್ಮೆ ಹೇಳಿ. ಮನಸ್ಸಿನಲ್ಲಿ ನಿಧಾನವಾಗಿ ಹತ್ತು ಎಣಿಸಿ. ಅಷ್ಟರಲ್ಲಿ ನೋಟ, ಕೈಚಾಚು, ‘ನೀ’ ಎಂಬ ಸದ್ದು, ಏನು ಬಂದರೂ ಎರಡು ಗುಟುಕು ಕೊಡಿ. ಏನೂ ಬಾರದಿದ್ದರೆ ಇನ್ನೊಮ್ಮೆ ಹೇಳಿ ಕೊಟ್ಟುಬಿಡಿ. ಬಾಯಾರಿದ ಮಗುವನ್ನು ಮಾತಿಗಾಗಿ ಸತಾಯಿಸಬಾರದು. ಲೋಟ ತುಂಬಾ ಒಂದೇ ಸಲ ಕೊಟ್ಟರೆ ಅಭ್ಯಾಸ ಒಮ್ಮೆಗೇ ಮುಗಿಯಿತು. ಎರಡೆರಡು ಗುಟುಕು ಕೊಟ್ಟರೆ ಒಂದು ಲೋಟದಲ್ಲಿ ಆರೇಳು ಸಲ ಅಭ್ಯಾಸವಾಗುತ್ತದೆ. ಹತ್ತು ಎಣಿಸುವ ಮೌನ ಎಲ್ಲಕ್ಕಿಂತ ಕಷ್ಟ. ಅಜ್ಜಿ, ಅತ್ತೆ, ಅಕ್ಕ ಎಲ್ಲರೂ ಸೇರಿ ‘ಹೇಳು ಕಂದಾ, ನೀರು ಅನ್ನು, ಅನ್ನು’ ಎಂದು ಸುತ್ತುವರಿದರೆ ಮಗುವಿಗೆ ಅದು ಬರೀ ಗದ್ದಲ. ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು ಎಂದು ಮನೆಯಲ್ಲಿ ಗೊತ್ತುಮಾಡಿಕೊಳ್ಳಿ.

ಮಾತೇ ಬಾರದ ಮಗುವಿಗೆ ಚಿತ್ರದ ಕಾರ್ಡ್. ಕಾರ್ಡ್ ಕೊಟ್ಟು ಬೇಕಾದ್ದನ್ನು ಕೇಳುವ ಪೆಕ್ಸ್ ಎಂಬ ಕ್ರಮವನ್ನು 1985ರಲ್ಲಿ ಅಮೆರಿಕದಲ್ಲಿ ರೂಪಿಸಿದರು. ಮನೆಯಲ್ಲಿ ಶುರುಮಾಡಲು ಬೇಕಾದ್ದು ಇಷ್ಟು: ಮಗುವಿಗೆ ತುಂಬಾ ಇಷ್ಟವಾದ ಒಂದು ತಿಂಡಿಯ ಫೋಟೊ, ಎರಡಿಂಚು ಚೌಕ, ಲ್ಯಾಮಿನೇಟ್ ಮಾಡಿಸಿ ಹಿಂದೆ ವೆಲ್ಕ್ರೋ ಅಂಟಿಸಿದ್ದು, ಮತ್ತು ಇಬ್ಬರು ದೊಡ್ಡವರು. ಒಬ್ಬರು ಎದುರಿಗೆ ಚಕ್ಕುಲಿ ಹಿಡಿದು ಸುಮ್ಮನೆ ಕೂರುತ್ತಾರೆ. ಮಗು ಚಕ್ಕುಲಿಗೆ ಕೈಚಾಚಿದ ಕ್ಷಣ, ಹಿಂದೆ ಕೂತವರು ಮಾತಿಲ್ಲದೆ ಆ ಕೈಯನ್ನು ಕಾರ್ಡಿನ ಮೇಲಿಟ್ಟು, ಎತ್ತಿಸಿ, ಎದುರಿನವರ ಅಂಗೈಗೆ ಹಾಕಿಸುತ್ತಾರೆ. ಕಾರ್ಡ್ ಕೈಗೆ ಬಿದ್ದ ಕೂಡಲೇ ಎದುರಿನವರು ‘ಚಕ್ಕುಲಿ’ ಎಂದು ಹೇಳಿ ಬೆರಳಗಲದ ಒಂದು ಚೂರು ಕೊಡುತ್ತಾರೆ. ಹಿಂದಿನವರ ಸಹಾಯ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು: ಮೊದಲು ಕೈ, ಆಮೇಲೆ ಮೊಣಕೈ, ಆಮೇಲೆ ಭುಜಕ್ಕೆ ಸಣ್ಣ ತಟ್ಟು, ಆಮೇಲೆ ಏನೂ ಇಲ್ಲ. ಅದಾದ ಮೇಲೆ ಎದುರಿನವರು ದೂರ ಸರಿಯುತ್ತಾರೆ, ಮಗು ಎದ್ದು ಬಂದು ಕೊಡಬೇಕು. ಎರಡು ಕಾರ್ಡುಗಳಲ್ಲಿ ಒಂದನ್ನು ಆರಿಸುವುದು ಅನಂತರದ ಮಾತು.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲ ದಿನವೇ ಹಣ್ಣು, ಪ್ರಾಣಿ, ಬಣ್ಣ ಎಂದು ನಲವತ್ತು ಕಾರ್ಡ್ ಹರಡುತ್ತಾರೆ. ‘ಏನು ಬೇಕು ಹೇಳು’ ಎಂದು ಪ್ರಶ್ನೆ ಕೇಳಿ, ಕೇಳಿದರೆ ಮಾತ್ರ ಕಾರ್ಡ್ ಎತ್ತುವ ಹಾಗೆ ಅಭ್ಯಾಸ ಮಾಡಿಸಿಬಿಡುತ್ತಾರೆ. ಇನ್ನು ಕಾರ್ಡ್‌ಗಳನ್ನು ಥೆರಪಿ ಚೀಲದಲ್ಲಿ ಭದ್ರವಾಗಿಡುತ್ತಾರೆ, ರಾತ್ರಿ ಎಂಟಕ್ಕೆ ಹಸಿವಾದಾಗ ಮಗುವಿನ ಕೈಗೆ ‘ಮಾತು’ ಸಿಗುವುದಿಲ್ಲ. ಕಾರ್ಡ್ ಮಗುವಿನ ಎತ್ತರಕ್ಕೆ, ಫ್ರಿಜ್ ಬಾಗಿಲಿನ ಮೇಲೆ, ಹಗಲೂ ರಾತ್ರಿ ಇರಬೇಕು. ಚಕ್ಕುಲಿ ಮುಗಿದಿದ್ದರೆ ಕಾರ್ಡ್ ಬಚ್ಚಿಡಬೇಡಿ, ಖಾಲಿ ಡಬ್ಬಿ ತೋರಿಸಿ ‘ಖಾಲಿ’ ಎನ್ನಿ. ಇಲ್ಲ ಎನ್ನುವುದೂ ಒಂದು ಉತ್ತರ ಎಂದು ಮಗು ಕಲಿಯಬೇಕು. ಚಿತ್ರ ಕೊಟ್ಟರೆ ಮಾತು ಬರುವುದೇ ನಿಂತುಹೋಗುತ್ತದೆ ಎಂಬ ಭಯ ನಮ್ಮಲ್ಲಿ ಎಲ್ಲರಿಗೂ ಇತ್ತು. ಹಾಗಾಗುವುದಿಲ್ಲ. ಚೆನ್ನೈನಲ್ಲಿ ರೂಪುಗೊಂಡ, ಚಿತ್ರ ಮುಟ್ಟಿದರೆ ಪದ ಹೇಳುವ ಅವಾಜ್‌ನಂಥ ಟ್ಯಾಬ್ ಆಪ್‌ಗಳೂ ಇದೇ ದಾರಿಯವು.

ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿ ಎಂಬ ಸಲಹೆ ಈಗಲೂ ಕೆಲವೆಡೆ ಸಿಗುತ್ತದೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅಜ್ಜನ ಜೊತೆ, ಅಂಗಡಿಯವರ ಜೊತೆ, ಅಕ್ಕತಂಗಿಯರ ಜೊತೆ ಆಡುವ ಭಾಷೆಯನ್ನೇ ಕಿತ್ತುಕೊಂಡರೆ ಮಗುವಿಗೆ ಉಳಿಯುವುದು ಯೂಟ್ಯೂಬಿನ ರೈಮ್ಸ್ ಮಾತ್ರ.

ಇನ್ನು ಪಾಯಿಖಾನೆಯ ಅಭ್ಯಾಸ. ಇದರ ಬಗ್ಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಶಾಲೆ, ಪ್ರಯಾಣ, ಮದುವೆಮನೆ ಎಲ್ಲವೂ ಇದರ ಮೇಲೆ ನಿಂತಿವೆ. ಮಗು ಒಂದು, ಒಂದೂವರೆ ಗಂಟೆ ಒದ್ದೆಯಾಗದೆ ಇರಬಲ್ಲದು ಎಂದಾದ ಮೇಲೆ ಶುರುಮಾಡಿ. ಮೊದಲ ನಾಲ್ಕೈದು ದಿನ ಕಲಿಸುವುದು ಏನೂ ಇಲ್ಲ, ಬರೆಯುವುದು ಮಾತ್ರ. ಡೈಪರ್ ಬಿಚ್ಚಿ ಹತ್ತಿಯ ಚಡ್ಡಿ ಹಾಕಿ, ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿ, ಒಣಗಿದೆ, ಒದ್ದೆ, ಕಕ್ಕ ಎಂದು ಗಂಟೆಯ ಮುಂದೆ ಗುರುತು ಹಾಕಿ. ಕುಡಿದದ್ದನ್ನೂ ಬರೆಯಿರಿ. ನಾಲ್ಕನೆಯ ದಿನಕ್ಕೆ ಒಂದು ಲಯ ಕಾಣುತ್ತದೆ: ಎದ್ದ ಹತ್ತು ನಿಮಿಷಕ್ಕೆ, ಹಾಲು ಕುಡಿದ ನಲವತ್ತು ನಿಮಿಷಕ್ಕೆ, ಹೀಗೆ. ಆ ಹೊತ್ತಿಗೆ ಐದು ನಿಮಿಷ ಮುಂಚೆ ಕರೆದುಕೊಂಡು ಹೋಗುವುದೇ ಕಲಿಕೆಯ ಮೊದಲ ಹೆಜ್ಜೆ. ಗಡಿಯಾರ ನೋಡಿಕೊಂಡು ಪ್ರತಿ ಹದಿನೈದು ನಿಮಿಷಕ್ಕೆ ಎಳೆದೊಯ್ದರೆ ಮಗು ಆ ಕೋಣೆಯನ್ನೇ ದ್ವೇಷಿಸಲು ಶುರುಮಾಡುತ್ತದೆ.

ಕೂರಿಸುವುದು ಮೂರರಿಂದ ಐದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಕಮೋಡ್ ಆದರೆ ಮಕ್ಕಳ ಸೀಟು ಹಾಕಿ, ಕಾಲ ಕೆಳಗೆ ಮಣೆ ಇಡಿ. ಕಾಲು ನೇತಾಡುತ್ತಿದ್ದರೆ ಹೊಟ್ಟೆಯ ಸ್ನಾಯು ಸಡಿಲವಾಗುವುದಿಲ್ಲ, ಬೀಳುವ ಭಯವೂ ಇರುತ್ತದೆ. ನೆಲದ ಪಾಯಿಖಾನೆಯಾದರೆ ಗುಂಡಿಯ ಭಯ. ಮೊದಲ ವಾರ ಬಚ್ಚಲಲ್ಲೇ ಎರಡು ಇಟ್ಟಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂರಿಸಿ, ಆಮೇಲೆ ಒಳಗೆ ಸರಿಸಿ. ಹುಡುಗನಾದರೂ ಮೊದಲು ಕೂತೇ ಕಲಿಯಲಿ, ನಿಂತು ಮಾಡುವುದನ್ನು ಕಕ್ಕದ ಅಭ್ಯಾಸ ಕೂತ ಮೇಲೆ ಕಲಿಸಿದರೆ ಸಾಕು. ಬಂದರೆ ಅದೇ ಕ್ಷಣ, ಇನ್ನೂ ಕೂತಿರುವಾಗಲೇ, ಇದಕ್ಕೆಂದೇ ಎತ್ತಿಟ್ಟ ಬಹುಮಾನ ಕೊಡಿ. ಆ ತಿಂಡಿ ಅಥವಾ ಆ ಆಟಿಕೆ ಬೇರೆ ಯಾವ ಹೊತ್ತಿನಲ್ಲೂ ಸಿಗಕೂಡದು. ಕೈ ತೊಳೆದು ಹೊರಗೆ ಬಂದ ಮೇಲೆ ಕೊಟ್ಟರೆ ಕೈ ತೊಳೆದದ್ದಕ್ಕೆ ಸಿಕ್ಕಿತು ಎಂದು ಮಗು ತಿಳಿಯುತ್ತದೆ. ಬಾರದಿದ್ದರೆ ಗದರಿಕೆ ಬೇಡ, ಎಬ್ಬಿಸಿ ಕಳಿಸಿ, ಹತ್ತು ನಿಮಿಷ ಕಣ್ಣಿಟ್ಟಿರಿ. ಕಲಿಸುವ ದಿನಗಳಲ್ಲಿ ಮಜ್ಜಿಗೆ, ಎಳನೀರು, ಕಲ್ಲಂಗಡಿ ಸ್ವಲ್ಪ ಹೆಚ್ಚು ಕೊಟ್ಟರೆ ಅಭ್ಯಾಸದ ಅವಕಾಶ ಹೆಚ್ಚುತ್ತದೆ.

ಗೋಡೆಗೆ ಆರು ಚಿತ್ರದ ಪಟ್ಟಿ ಅಂಟಿಸಿ: ಚಡ್ಡಿ ಇಳಿಸು, ಕೂರು, ತೊಳೆದುಕೋ, ನೀರು ಹಾಕು, ಚಡ್ಡಿ ಏರಿಸು, ಕೈ ತೊಳೆ. ಕಲಿಸುವಾಗ ಪ್ರತಿ ಹೆಜ್ಜೆಯ ಕೊನೆಯ ಚೂರನ್ನು ಮೊದಲು ಮಗುವಿಗೆ ಬಿಡಿ. ಚಡ್ಡಿಯನ್ನು ಸೊಂಟದವರೆಗೆ ನಾವು ಏರಿಸಿ, ಕೊನೆಯ ಎರಡಿಂಚು ಮಗು ಎಳೆಯಲಿ. ಅದು ಬಂದ ಮೇಲೆ ತೊಡೆಯಿಂದ, ಆಮೇಲೆ ಮಂಡಿಯಿಂದ. ಹೀಗೆ ಕೊನೆಯಿಂದ ಮೊದಲಿನ ಕಡೆಗೆ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗಿರುತ್ತದೆ. ಬಟನ್, ಜಿಪ್, ಲಾಡಿ ಈ ತಿಂಗಳುಗಳಲ್ಲಿ ಬೇಡ, ಇಲಾಸ್ಟಿಕ್ ಚಡ್ಡಿ ಸಾಕು. ತೊಳೆದುಕೊಳ್ಳುವುದಕ್ಕೆ ನೀರಿನ ಪೈಪಿನ ರಭಸ ಕೆಲವು ಮಕ್ಕಳಿಗೆ ಸೂಜಿ ಚುಚ್ಚಿದಂತೆ, ಅಂಥವರಿಗೆ ಚೊಂಬು ಒಳ್ಳೆಯದು. ಚೊಂಬು ಸಿಕ್ಕರೆ ನೀರಾಟಕ್ಕೆ ಇಳಿಯುವ ಮಗುವಿಗೆ ಬಕೆಟ್ಟಿನಲ್ಲಿ ಅಳೆದು ಐದೇ ಚೊಂಬು ಇಡಿ. ನೀರು ಮುಗಿಯಿತು ಎಂದರೆ ಕೆಲಸ ಮುಗಿಯಿತು, ಅದಕ್ಕೆ ವಾದವಿರುವುದಿಲ್ಲ.

ಎರಡು ವಾರ ಚೆನ್ನಾಗಿ ನಡೆದು ಆಮೇಲೆ ಕಕ್ಕವನ್ನು ತಡೆಹಿಡಿಯುವುದು ಬಹಳ ಮನೆಗಳಲ್ಲಿ ಆಗುತ್ತದೆ. ಮೂಲೆಯಲ್ಲಿ ನಿಂತು ಕಾಲು ಹೆಣೆದುಕೊಳ್ಳುವುದು ಅದರ ಗುರುತು. ನಾಲ್ಕು ದಿನ ಹೋಗದೆ, ಐದನೆಯ ದಿನ ಚಡ್ಡಿಗೆ ತೆಳ್ಳಗೆ ಸೋರಿದರೆ ಅದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲಿಸುವ ಔಷಧ ಕೊಡಬೇಡಿ. ಒಳಗೆ ಗಟ್ಟಿಯಾಗಿ ಕೂತದ್ದರ ಸುತ್ತ ಸೋರುತ್ತಿರುತ್ತದೆ. ಮಕ್ಕಳ ವೈದ್ಯರು ಮಲ ಮೆತ್ತಗಾಗುವ ಔಷಧ ಕೊಡುತ್ತಾರೆ, ಅದನ್ನು ಹೇಳಿದಷ್ಟು ವಾರ ಮುಂದುವರಿಸಬೇಕು. ಎರಡು ದಿನ ಸರಿಹೋಯಿತೆಂದು ನಿಲ್ಲಿಸಿದರೆ ಮತ್ತೆ ಗಟ್ಟಿಯಾಗಿ, ನೋವಾಗಿ, ಮತ್ತೆ ತಡೆಹಿಡಿಯುತ್ತದೆ. ನೋವಿನ ನೆನಪು ಇರುವ ತನಕ ಬೇರೆ ಯಾವ ಕಲಿಸುವಿಕೆಯೂ ಹತ್ತುವುದಿಲ್ಲ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಮುಟ್ಟು ಶುರುವಾಗುವುದಕ್ಕೆ ಮುಂಚೆಯೇ, ಒಂಬತ್ತು ಹತ್ತರ ವಯಸ್ಸಿನಲ್ಲಿ, ತಿಂಗಳಿಗೆ ಮೂರು ದಿನ ಪ್ಯಾಡ್ ಹಾಕಿ ಅಭ್ಯಾಸ ಮಾಡಿಸಿ. ಚಡ್ಡಿಯ ಮೇಲೆ ಪ್ಯಾಡ್ ಕೂರುವ ಜಾಗಕ್ಕೆ ಮಾರ್ಕರಿನಿಂದ ಗೆರೆ ಎಳೆದಿಡಿ. ಕೆಂಪು ಬಣ್ಣದ ನೀರು ಹನಿಸಿ, ಬದಲಿಸಿ, ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕುವ ತನಕ ಎಲ್ಲವನ್ನೂ ಮಾಡಿಸಿ. ನಿಜವಾದ ದಿನ ಬಂದಾಗ ಹೊಸದಾಗಿ ಎದುರಿಸಬೇಕಾದ್ದು ಕಡಿಮೆ ಇರುತ್ತದೆ. ಬಾಗಿಲು ಹಾಕಿಕೊಂಡೇ ಬಟ್ಟೆ ಬದಲಿಸುವುದನ್ನು ಗಂಡಾಗಲಿ ಹೆಣ್ಣಾಗಲಿ ಐದರ ವಯಸ್ಸಿನಿಂದಲೇ ಕಲಿಸಬೇಕು. ಹದಿಮೂರರಲ್ಲಿ ಶುರುಮಾಡಿದರೆ ಎಂಟು ವರ್ಷದ ಅಭ್ಯಾಸವನ್ನು ಅಳಿಸಬೇಕಾಗುತ್ತದೆ.

ಊಟದ ವಿಷಯದಲ್ಲಿ ಮೊಸರನ್ನ, ಮಂಡಕ್ಕಿ, ಒಂದೇ ಕಂಪನಿಯ ಬಿಸ್ಕತ್ತು ಹೀಗೆ ಮೂರ್ನಾಲ್ಕು ಪದಾರ್ಥಕ್ಕೆ ನಿಂತುಬಿಡುವ ಮಕ್ಕಳಿವೆ. ಇದು ಹಠವಲ್ಲ. ಮೆತ್ತಗಿನ ಅನ್ನದ ನಡುವೆ ಸಿಗುವ ಒಂದು ಸಾಸಿವೆ ಕಾಳು ಆ ಬಾಯಿಗೆ ಕಲ್ಲಿನ ಚೂರಿದ್ದಂತೆ. ಹೊಸ ಪದಾರ್ಥವನ್ನು ಬಚ್ಚಿಟ್ಟು ತಿನ್ನಿಸಬೇಡಿ. ಮೊಸರನ್ನದೊಳಗೆ ಕ್ಯಾರೆಟ್ ಸಿಕ್ಕಿಬಿದ್ದರೆ ಮಗು ಮೊಸರನ್ನವನ್ನೂ ಬಿಟ್ಟುಬಿಡಬಹುದು, ಆಗ ನಾಲ್ಕಿದ್ದದ್ದು ಮೂರಾಗುತ್ತದೆ. ಬೇಯಿಸಿದ ಕ್ಯಾರೆಟ್ಟಿನ ಒಂದು ತುಂಡನ್ನು ಬೇರೆ ಬಟ್ಟಲಲ್ಲಿ ಪಕ್ಕಕ್ಕಿಡಿ. ಆಮೇಲೆ ಅದೇ ತಟ್ಟೆಯ ಅಂಚಿಗೆ. ಮುಟ್ಟುವುದು, ಮೂಸುವುದು, ತುಟಿಗೆ ತಾಗಿಸುವುದು, ನೆಕ್ಕುವುದು, ಕಚ್ಚಿ ಉಗುಳುವುದು, ಇವೆಲ್ಲ ಬೇರೆ ಬೇರೆ ಮೆಟ್ಟಿಲು, ಒಂದೊಂದಕ್ಕೆ ಹಲವು ದಿನ ಹಿಡಿಯುತ್ತದೆ. ಇಷ್ಟದ ತಿಂಡಿಯಿಂದಲೇ ಪಕ್ಕಕ್ಕೆ ಸರಿಯುವುದು ಇನ್ನೂ ಸುಲಭ: ಮಂಡಕ್ಕಿ ತಿನ್ನುವ ಮಗು ಅರಳು ಮುಟ್ಟೀತು, ಅರಳಿನಿಂದ ಹುರಿದ ಪೇಪರ್ ಅವಲಕ್ಕಿಗೆ ಹೋದೀತು. ಮಣ್ಣು, ಸುಣ್ಣ ತಿನ್ನುತ್ತಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಪರೀಕ್ಷಿಸಿ. ಗೋಧಿ-ಹಾಲು ಬಿಡಿಸುವ ಪಥ್ಯದಿಂದ ಆಟಿಸಂ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮೊಸರನ್ನದ ಮೇಲೇ ಬದುಕುವ ಮಗುವಿನಿಂದ ಮೊಸರು ಕಿತ್ತುಕೊಂಡರೆ ಉಳಿಯುವುದೇನು?

ಸದ್ದಿನ ಮಾತು ಚಿಕ್ಕದಾಗಿ ಹೇಳುತ್ತೇವೆ. ಮಿಕ್ಸಿ ಹಾಕುವ ಮುಂಚೆ ‘ಮಿಕ್ಸಿ’ ಎಂದು ಹೇಳಿ, ಮೂರು ಎಣಿಸಿ, ಆಮೇಲೆ ಹಾಕಿ. ಎಚ್ಚರಿಕೆ ಸಿಕ್ಕ ಸದ್ದು ಅರ್ಧ ಸದ್ದು. ಮಹಾಮಂಗಳಾರತಿಯ ಜಾಗಟೆ, ಮದುವೆಯ ಓಲಗ, ದೀಪಾವಳಿಯ ಪಟಾಕಿ ಇವಕ್ಕೆ ಕಿವಿ ಮುಚ್ಚುವ ಮಫ್ ಬೇಕು. ಅದನ್ನು ಹಬ್ಬಕ್ಕೆ ಎರಡು ವಾರ ಮುಂಚೆಯೇ ದಿನಾ ಐದು ನಿಮಿಷ ಹಾಕಿ ಒಗ್ಗಿಸಿರಬೇಕು. ಹಬ್ಬದ ದಿನವೇ ಮೊದಲ ಸಲ ಹಾಕಿದರೆ ಕಿತ್ತೆಸೆಯುತ್ತದೆ. ಕಟಿಂಗ್ ಶಾಪಿಗೂ ಇದೇ ರೀತಿ: ಮನೆಯಲ್ಲಿ ಹೆಗಲಿಗೆ ಟವೆಲ್ ಹೊದಿಸಿ ಹತ್ತು ಎಣಿಸುವುದು, ಪಕ್ಕದ ಕೋಣೆಯಲ್ಲಿ ಟ್ರಿಮ್ಮರ್ ಓಡಿಸುವುದು, ಆಫ್ ಮಾಡಿದ ಟ್ರಿಮ್ಮರನ್ನು ಕತ್ತಿಗೆ ತಾಗಿಸುವುದು. ಕೊನೆಗೆ ಭಾನುವಾರ ಬಿಟ್ಟು ಬೇರೆ ದಿನ, ಅಂಗಡಿ ತೆರೆಯುವ ಹೊತ್ತಿಗೆ ಮೊದಲ ಗಿರಾಕಿಯಾಗಿ ಹೋಗುವುದು.

ಮಗು ಕಿರುಚಿ, ತಲೆ ಚಚ್ಚಿಕೊಂಡು, ಕಚ್ಚಿಕೊಳ್ಳುವಾಗ ಮೊದಲು ಮೈ ನೋಡಿ. ಕಿವಿನೋವು, ಹುಳುಕು ಹಲ್ಲು, ಮಲಬದ್ಧತೆ ಇವನ್ನು ಮಾತಿಲ್ಲದ ಮಗು ಹೇಳುವುದು ಹೀಗೇ. ಮೈಯಲ್ಲಿ ಏನೂ ಇಲ್ಲವೆಂದಾದರೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ಹದಿನೈದು ದಿನ ಬರೆದರೆ ಮೂರನೆಯ ಕಾಲಂನಲ್ಲಿ ಬಹಳ ಸಲ ‘ಫೋನ್ ಕೊಟ್ಟೆವು’ ಎಂದಿರುತ್ತದೆ. ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಕಿರುಚಾಟ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಆ ಹಂತದಲ್ಲಿ ಸೋತು ಕೊಟ್ಟರೆ ಇನ್ನೂ ಜೋರಾಗಿ ಕಿರುಚಬೇಕು ಎಂದು ನಾವೇ ಕಲಿಸಿದಂತೆ. ಹಾಗಾಗಿ ಮನೆಯ ಎಲ್ಲರೂ ಒಪ್ಪಿದ ಮೇಲೆಯೇ ಶುರುಮಾಡಿ, ಫೋನ್ ಕೇಳಲು ಒಂದು ಕಾರ್ಡನ್ನೂ ಅದರ ಹೊತ್ತನ್ನೂ ಮೊದಲೇ ಕೊಟ್ಟಿರಿ. ಸದ್ದು, ಜನ, ಬೆಳಕು ತಾಳಲಾರದೆ ಕುಸಿಯುವುದು ಮಾತ್ರ ಬೇರೆ. ಅಲ್ಲಿ ಪಾಠವಿಲ್ಲ, ಮಗುವನ್ನು ಆ ಜಾಗದಿಂದ ಹೊರಗೆ ತರುವುದಷ್ಟೇ.

ನೀರಿನ ಸೆಳೆತ ಬಹಳ ಮಕ್ಕಳಿಗಿದೆ, ಅಪಾಯದ ಅರಿವು ಇರುವುದಿಲ್ಲ. ಸಂಪಿನ ಮುಚ್ಚಳಕ್ಕೆ ಬೀಗ, ಬಾವಿಗೆ ಜಾಲರಿ, ಬಾಗಿಲಿಗೆ ದೊಡ್ಡವರ ಎತ್ತರದಲ್ಲಿ ಚಿಲಕ ಹಾಕಿಸಿ, ಮಗುವಿನ ಕೈಗೆ ಫೋನ್ ನಂಬರಿನ ಪಟ್ಟಿ ಕಟ್ಟಿ. ತಪ್ಪಿಸಿಕೊಂಡರೆ ಮೊದಲು ಹುಡುಕಬೇಕಾದ್ದು ಹತ್ತಿರದ ನೀರಿನ ಜಾಗ. ಇದನ್ನು ಅಕ್ಕಪಕ್ಕದವರಿಗೂ ಹೇಳಿಟ್ಟಿರಿ.

ಪೂರ್ತಿ ಗುಣಪಡಿಸುತ್ತೇವೆ ಎನ್ನುವವರು ನಮ್ಮೆಲ್ಲರ ಬಾಗಿಲಿಗೂ ಬಂದಿದ್ದಾರೆ. ಸ್ಟೆಮ್‌ಸೆಲ್ (ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಚುಚ್ಚುಮದ್ದಿಗೆ ಒಡವೆ ಅಡವಿಡಬೇಡಿ. ರಕ್ತಕ್ಕೆ ಸಂಬಂಧಿಸಿದ ಕೆಲವು ರೋಗಗಳ ಹೊರತು ಸ್ಟೆಮ್‌ಸೆಲ್ ಬಳಕೆ ಕ್ಲಿನಿಕಲ್ ಪ್ರಯೋಗದ ಒಳಗೆ ಮಾತ್ರ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗಕ್ಕೆ ಸೇರಿದವರಿಂದ ಚಿಕಿತ್ಸೆಯ ಹಣ ವಸೂಲಿ ಮಾಡುವಂತಿಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು 1998ರಲ್ಲಿ ಬಂದ ಬರಹವನ್ನು ಆ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಎರಡನೆಯ ಮಗುವಿನ ಲಸಿಕೆ ತಪ್ಪಿಸಬೇಡಿ.

ಕಾಗದಪತ್ರದ ಕೆಲಸವನ್ನು ಮುಂದೂಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಟಿಸಂ ಇದೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಹಳ್ಳಿಗಳಲ್ಲಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು ಅರ್ಜಿ ತುಂಬಲು ನೆರವಾಗುತ್ತಾರೆ. ಆಸ್ಪತ್ರೆಯಲ್ಲಿ ಆಟಿಸಂ ಎಷ್ಟಿದೆ ಎಂದು ಅಳೆಯುವ ಇಸಾ ಎಂಬ 40 ಅಂಶಗಳ ಮಾಪನ ಮಾಡುತ್ತಾರೆ, ಒಂದೊಂದಕ್ಕೆ 1ರಿಂದ 5 ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಅರ್ಥ. ಅಲ್ಲಿ ಮಗುವಿನ ಒಳ್ಳೆಯ ದಿನವನ್ನು ಹೇಳಬೇಡಿ, ಸಾಮಾನ್ಯ ದಿನವನ್ನು ಹೇಳಿ. ‘ತಾನೇ ಊಟ ಮಾಡುತ್ತಾನೆ’ ಎಂದು ಅಭಿಮಾನದಿಂದ ಹೇಳಿ, ಕಲಸಿ ತಟ್ಟೆ ಮುಂದಿಟ್ಟು ಪಕ್ಕದಲ್ಲಿ ಕೂರಬೇಕು ಎಂಬುದನ್ನು ಬಿಟ್ಟರೆ ಅಂಕ ತಪ್ಪಾಗುತ್ತದೆ. ಹೀಗೆ ಅಳೆದ ವೈಕಲ್ಯ ಶೇ 40 ಅಥವಾ ಹೆಚ್ಚು ಇದ್ದರೆ ಕಾಯ್ದೆಯ ಮುಖ್ಯ ಸೌಲಭ್ಯಗಳು ಸಿಗುತ್ತವೆ. ಚಿಕ್ಕ ವಯಸ್ಸಿನ ಪ್ರಮಾಣಪತ್ರಕ್ಕೆ ಅವಧಿ ನಮೂದಾಗಿದ್ದರೆ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಅದಾದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ, ವರ್ಷಕ್ಕೆ ಒಂದು ಲಕ್ಷದವರೆಗೆ. ವಿಮೆಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣ ಮರೆಯುವುದು ಸಾಮಾನ್ಯ. ಥೆರಪಿಯ ಪ್ರತಿ ರಸೀದಿಯಲ್ಲೂ ಮಗುವಿನ ಹೆಸರು, ತಾರೀಖು, ಮೊಹರು ಇವೆಯೇ ಎಂದು ಅಲ್ಲೇ ನೋಡಿ.

2016ರ ಕಾಯ್ದೆಯ ಪ್ರಕಾರ ಇಂಥ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಶಾಲೆಗಳಿಗೆ ಬಿಇಒ ಕಚೇರಿಯ ಮೂಲಕ ಬರುವ ಸಂಪನ್ಮೂಲ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಾಧಾರಿತ ಶಿಕ್ಷಣವೂ ಇದೆ. ಶಾಲೆಗೆ ಹೋದಾಗ ಆಟಿಸಂ ಎಂದರೇನು ಎಂದು ಭಾಷಣ ಮಾಡುವುದಕ್ಕಿಂತ ಒಂದು ಪುಟ ಕೊಡುವುದು ಮೇಲು: ಕಿಟಕಿಯಿಂದ ದೂರ, ಮೊದಲ ಬೆಂಚಿನ ತುದಿಯಲ್ಲಿ ಕೂರಿಸಿ, ಗಂಟೆ ಹೊಡೆಯುವ ಮುಂಚೆ ತಿಳಿಸಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಹನ್ನೊಂದಕ್ಕೆ ಶೌಚಾಲಯಕ್ಕೆ ಕಳಿಸಿ. ಮೇಷ್ಟ್ರಿಗೆ ಐವತ್ತು ಮಕ್ಕಳಿರುತ್ತಾರೆ, ಇಷ್ಟು ಕೇಳಿದರೆ ಮಾಡಿಯಾರು. ಎಸ್ಸೆಸ್ಸೆಲ್ಸಿ ಭಾರವೆನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಇದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ, ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು.

ಹದಿನೆಂಟು ತುಂಬಿದ ದಿನದಿಂದ ತಂದೆತಾಯಿ ಕಾನೂನಿನ ದೃಷ್ಟಿಯಲ್ಲಿ ತಾವಾಗಿಯೇ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಬ್ಯಾಂಕ್ ಖಾತೆ, ಆಸ್ತಿ ವಿಷಯಗಳಲ್ಲಿ ಈ ಆದೇಶ ಕೇಳುತ್ತಾರೆ. ಮಗುವಿಗೆ ಹದಿನೇಳು ತುಂಬುವಾಗಲೇ ದಾಖಲೆ ಜೋಡಿಸಿ.

ಅದಕ್ಕೂ ಬಹಳ ಮುಂಚೆ, ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. ನಮಗೆ ಜ್ವರ ಬಂದು ಮಲಗಿದ ದಿನ ಮಗುವನ್ನು ನೋಡಿಕೊಳ್ಳುವವರಿಗೆ ಒಂದು ಹಾಳೆ ಬರೆದು ಬೀರುವಿನ ಬಾಗಿಲಿನ ಒಳಗೆ ಅಂಟಿಸಿಡಿ. ಯಾವ ಔಷಧ, ಎಷ್ಟು ಎಂಎಲ್, ಎಷ್ಟು ಗಂಟೆಗೆ. ಯಾವ ತಟ್ಟೆಯಲ್ಲಿ ಊಟ. ಯಾವ ಸದ್ದಿಗೆ ಭಯ. ‘ನೀರು ಬೇಕಾ’ ಎಂದರೆ ನೀರು ಬೇಕೆಂದೇ ಅರ್ಥ. ಪಾಯಿಖಾನೆಗೆ ಯಾವ ಹೊತ್ತು, ಎಷ್ಟು ಚೊಂಬು. ಮಲಗುವಾಗ ಯಾವ ಹೊದಿಕೆ. ವೈದ್ಯರ ನಂಬರು. ಆರು ತಿಂಗಳಿಗೆ ಇದರಲ್ಲಿ ಅರ್ಧ ಬದಲಾಗಿರುತ್ತದೆ, ಹೊಸದಾಗಿ ಬರೆದು ಕೆಳಗೆ ತಾರೀಖು ಹಾಕಿ.